ದುಡಿಮೆ ನಿಂತರೂ ಆದಾಯ ನಿಲ್ಲದಿರಲು: ಅಂಗವೈಕಲ್ಯ ವಿಮೆಯ ಆಯ್ಕೆಗಳನ್ನು ಹೋಲಿಸುವ ಬಗೆ

ಸಂಬಳವನ್ನೋ ದಿನಗೂಲಿಯನ್ನೋ ನಂಬಿ ಬದುಕುವ ಮನೆಗಳಲ್ಲಿ ಜೀವವಿಮೆಯ ಮಾತು ಬರುತ್ತದೆ, ಆರೋಗ್ಯ ವಿಮೆಯ ಮಾತೂ ಬರುತ್ತದೆ. ದುಡಿಯುವವರು ಬದುಕಿದ್ದೂ ದುಡಿಯಲಾಗದ ಸ್ಥಿತಿಗೆ ಬಂದರೆ ಮನೆ ನಡೆಯುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದುಬಿಡುತ್ತದೆ. ಜೀವವಿಮೆ ಸಾವಿನ ನಂತರ ಹಣ ಕೊಡುತ್ತದೆ, ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ. ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಕೈಗೆ ಬಾರದೆ ಹೋಗುವ ಸಂಬಳಕ್ಕೆ ಇವೆರಡೂ ಹೊಣೆಯಲ್ಲ. ಆ ಸಂಬಳದ ಜಾಗದಲ್ಲಿ ನಿಲ್ಲುವುದು ಅಂಗವೈಕಲ್ಯ ವಿಮೆಯ ಕೆಲಸ. ಕೆಲವು ದೇಶಗಳಲ್ಲಿ ಇದಕ್ಕೆ ಆದಾಯ ರಕ್ಷಣೆಯ ವಿಮೆ ಎಂಬ ಹೆಸರಿದೆ.

ಇದು ಏಕೆ ಬೇಕು ಎಂಬುದಕ್ಕೆ ಸರಳವಾದ ಲೆಕ್ಕವೊಂದು ಸಾಕು. ಮೂವತ್ತು ವರ್ಷ ವಯಸ್ಸಿನವರೊಬ್ಬರು ಅರವತ್ತರವರೆಗೆ ದುಡಿಯುವುದಾದರೆ ಅವರ ಮುಂದಿರುವುದು 360 ತಿಂಗಳ ಸಂಬಳ. ಅವರು ಆದಾಯದ ಹತ್ತನೆಯ ಒಂದು ಪಾಲನ್ನು ತಪ್ಪದೆ ಹತ್ತು ವರ್ಷ ಉಳಿಸಿದರೂ, ಬಡ್ಡಿಯನ್ನು ಬಿಟ್ಟರೆ, ಕೈಯಲ್ಲಿರುವುದು ಹನ್ನೆರಡು ತಿಂಗಳ ಸಂಬಳದಷ್ಟೇ ಹಣ. ಶಿಸ್ತಿನಿಂದ ಉಳಿಸಿದವರ ಪಾಡೇ ಹೀಗಿರುವಾಗ, ಐದು ವರ್ಷ ದುಡಿಮೆ ತಪ್ಪಿದರೆ ಉಳಿತಾಯವೊಂದರಿಂದಲೇ ಮನೆ ನಡೆಸಬಹುದೆಂಬ ಭರವಸೆಗೆ ಆಧಾರವಿಲ್ಲ. ಸಾವು ಬಂದಾಗ ಒಬ್ಬರ ಖರ್ಚಾದರೂ ಕಡಿಮೆಯಾಗುತ್ತದೆ. ಅಂಗವೈಕಲ್ಯ ಬಂದಾಗ ಆ ವ್ಯಕ್ತಿಯ ಖರ್ಚು ಹೆಚ್ಚುತ್ತದೆ, ನೋಡಿಕೊಳ್ಳಲು ನಿಲ್ಲುವ ಮನೆಯವರ ದುಡಿಮೆಯೂ ಕುಗ್ಗುತ್ತದೆ.

ಅಂಗವೈಕಲ್ಯ ಎಂದೊಡನೆ ಅಪಘಾತ ನೆನಪಾಗುವುದು ಸಹಜ. ಆದರೆ ದುಡಿಮೆಯಿಂದ ದೀರ್ಘಕಾಲ ದೂರ ಉಳಿಯುವಂತೆ ಮಾಡುವುದು ಹೆಚ್ಚಾಗಿ ಕಾಯಿಲೆಯೇ: ಬೆನ್ನು ಮತ್ತು ಕೀಲುಗಳ ತೊಂದರೆ, ಕ್ಯಾನ್ಸರ್, ಹೃದ್ರೋಗ, ಪಾರ್ಶ್ವವಾಯು, ಖಿನ್ನತೆಯಂಥ ಮಾನಸಿಕ ಕಾಯಿಲೆಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 130 ಕೋಟಿ ಜನ, ಎಂದರೆ ಜನಸಂಖ್ಯೆಯ ಶೇಕಡಾ 16ರಷ್ಟು ಮಂದಿ, ಗಣನೀಯ ಅಂಗವೈಕಲ್ಯದೊಡನೆ ಬದುಕುತ್ತಿದ್ದಾರೆ. ಜಗತ್ತಿನಲ್ಲಿ ಅಂಗವೈಕಲ್ಯಕ್ಕೆ ಮೊದಲ ಕಾರಣವೆಂದು ಆ ಸಂಸ್ಥೆ ಗುರುತಿಸಿರುವುದು ಸೊಂಟನೋವನ್ನು. ಅಮೆರಿಕದ ಸಾಮಾಜಿಕ ಭದ್ರತಾ ಆಡಳಿತವು, ಅಲ್ಲಿ ಇಂದು ಇಪ್ಪತ್ತು ವರ್ಷ ವಯಸ್ಸಿನಲ್ಲಿರುವ ದುಡಿಮೆಗಾರರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು 67 ತುಂಬುವ ಮುನ್ನ ಅಂಗವೈಕಲ್ಯಕ್ಕೆ ಒಳಗಾಗುತ್ತಾರೆಂದು ಲೆಕ್ಕ ಹಾಕಿದೆ. ಈ ಅಂಶಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಹೋಲಿಕೆಯಲ್ಲಿ ಯಾವ ಆಯ್ಕೆ ಎಲ್ಲಿ ಸೋಲುತ್ತದೆ ಎಂಬುದು ಬೇಗ ತಿಳಿಯುತ್ತದೆ.

ಸರ್ಕಾರದ ರಕ್ಷಣೆ: ಎಲ್ಲಿಯವರೆಗೆ?

ದುಡಿಯಲಾಗದವರಿಗೆ ಸಾರ್ವಜನಿಕ ವಿಮೆಯಿಂದ ಆದಾಯ ಒದಗಿಸುವ ಏರ್ಪಾಟು ಹಳೆಯದು. ಜರ್ಮನಿ 1884ರಲ್ಲಿ ಕೆಲಸದ ಅಪಘಾತಗಳಿಗೂ 1889ರಲ್ಲಿ ವೃದ್ಧಾಪ್ಯ ಮತ್ತು ಅಶಕ್ತತೆಗೂ ವಿಮಾ ಕಾನೂನುಗಳನ್ನು ತಂದಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1952ರ 102ನೆಯ ಒಡಂಬಡಿಕೆ ಸಾಮಾಜಿಕ ಭದ್ರತೆಯ ಒಂಬತ್ತು ವಿಭಾಗಗಳನ್ನು ಹೆಸರಿಸಿದಾಗ ಕಾಯಿಲೆ, ಕೆಲಸದ ಗಾಯ, ಅಶಕ್ತತೆ ಈ ಮೂರನ್ನೂ ಬೇರೆ ಬೇರೆಯಾಗಿಯೇ ಇಟ್ಟಿತು. ಅದು ನಿಗದಿಪಡಿಸಿದ ಕನಿಷ್ಠ ಪ್ರಮಾಣವೂ ಬೇರೆ: ಕೆಲಸದ ಗಾಯದಿಂದ ದುಡಿಯಲಾಗದವರಿಗೆ ಲೆಕ್ಕಕ್ಕೆ ಆಧಾರವಾಗಿ ಹಿಡಿದ ಕೂಲಿಯ ಶೇಕಡಾ 50, ಇತರ ಕಾರಣಗಳಿಂದ ಅಶಕ್ತರಾದವರಿಗೆ ಶೇಕಡಾ 40.

ಈ ಭೇದ ಇಂದಿಗೂ ಬಹುತೇಕ ದೇಶಗಳ ಯೋಜನೆಗಳಲ್ಲಿ ಕಾಣುತ್ತದೆ. ಭಾರತದ ನೌಕರರ ರಾಜ್ಯ ವಿಮೆ, ಎಂದರೆ ಇಎಸ್‌ಐ, ತನ್ನ ವ್ಯಾಪ್ತಿಯಲ್ಲಿರುವ ನೌಕರರಿಗೆ ಕೆಲಸದ ಗಾಯದಿಂದಾದ ತಾತ್ಕಾಲಿಕ ಅಶಕ್ತತೆ ಇರುವವರೆಗೆ ಕೂಲಿಯ ಶೇಕಡಾ 90ರಷ್ಟನ್ನು ಕೊಡುತ್ತದೆ. ಸಾಮಾನ್ಯ ಕಾಯಿಲೆಗೆ ಕೊಡುವುದು ಶೇಕಡಾ 70, ಅದೂ ವರ್ಷಕ್ಕೆ ಹೆಚ್ಚೆಂದರೆ 91 ದಿನಗಳವರೆಗೆ. ಪಟ್ಟಿಯಲ್ಲಿರುವ ಕೆಲವು ದೀರ್ಘ ಕಾಯಿಲೆಗಳಿಗೆ ಮಾತ್ರ ಆ ಅವಧಿ ವಿಸ್ತರಿಸುತ್ತದೆ. ಅಮೆರಿಕದಲ್ಲಿ 1956ರಲ್ಲಿ ಆರಂಭವಾದ ಸಾಮಾಜಿಕ ಭದ್ರತೆಯ ಅಂಗವೈಕಲ್ಯ ವಿಮೆ ಕಾಯಿಲೆಗೂ ಗಾಯಕ್ಕೂ ಒಂದೇ ರೀತಿ ಅನ್ವಯವಾಗುತ್ತದೆ. ಆದರೆ ಅಶಕ್ತತೆ ಕನಿಷ್ಠ ಹನ್ನೆರಡು ತಿಂಗಳು ಉಳಿಯುವಂಥದ್ದಾಗಿರಬೇಕು ಅಥವಾ ಸಾವಿಗೆ ಒಯ್ಯುವಂಥದ್ದಾಗಿರಬೇಕು, ಸಾಮಾನ್ಯವಾಗಿ ಐದು ಪೂರ್ಣ ತಿಂಗಳು ಕಾಯಬೇಕು, ಭಾಗಶಃ ಅಶಕ್ತತೆಗೆ ಅಲ್ಲಿ ಜಾಗವೇ ಇಲ್ಲ.

ಇಷ್ಟಾದರೂ ಹೋಲಿಕೆಯನ್ನು ಸಾರ್ವಜನಿಕ ಯೋಜನೆಯಿಂದಲೇ ಆರಂಭಿಸಬೇಕು. ಅದರ ವಂತಿಗೆ ಈಗಾಗಲೇ ನಮ್ಮ ಸಂಬಳದಿಂದ ಕಟ್ ಆಗುತ್ತಿರುತ್ತದೆ, ಮತ್ತು ಅದು ಹಳೆಯ ಕಾಯಿಲೆಯ ನೆಪದಿಂದ ಯಾರನ್ನೂ ಹೊರಗಿಡುವುದು ಕಡಿಮೆ. ಅದು ಎಷ್ಟು ಕೊಡುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ತಿಳಿದ ಮೇಲೆ ಉಳಿಯುವ ಕೊರತೆಗೆ ಮಾತ್ರ ಹಣ ಕೊಟ್ಟು ವಿಮೆ ಕೊಳ್ಳುವುದು ವಿವೇಕ.

ಮಾಲೀಕರು ಕೊಡುವ ಗುಂಪು ವಿಮೆ

ಮಾಲೀಕರ ಹೊಣೆ ದೇಶದಿಂದ ದೇಶಕ್ಕೆ ಬಹಳ ಬದಲಾಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಕಾಯಿಲೆ ಬಿದ್ದ ನೌಕರರಿಗೆ ಮಾಲೀಕರು ಎರಡು ವರ್ಷಗಳವರೆಗೆ ಕನಿಷ್ಠ ಶೇಕಡಾ 70ರಷ್ಟು ಸಂಬಳ ಕೊಡಬೇಕು. ಬ್ರಿಟನ್ನಿನಲ್ಲಿ ಕಾನೂನಿನಂತೆ ಸಿಗುವ ಕಾಯಿಲೆಯ ಭತ್ಯೆ 28 ವಾರಗಳಿಗೆ ಮುಗಿಯುತ್ತದೆ. ಇದರ ಮೇಲೆ ಕೆಲವು ಸಂಸ್ಥೆಗಳು ನೌಕರರಿಗೆಲ್ಲ ಸೇರಿ ಗುಂಪು ಪಾಲಿಸಿ ಮಾಡಿಸಿರುತ್ತವೆ. ವೈದ್ಯಕೀಯ ತಪಾಸಣೆ ಸಾಮಾನ್ಯವಾಗಿ ಇರುವುದಿಲ್ಲ, ಪ್ರೀಮಿಯಂ ಅಗ್ಗ ಅಥವಾ ಪುಕ್ಕಟೆ. ಈಗಾಗಲೇ ಸಕ್ಕರೆ ಕಾಯಿಲೆಯೋ ಬೆನ್ನುನೋವೋ ಇರುವವರಿಗೆ ಇದೊಂದೇ ಬಾಗಿಲು ತೆರೆದಿರಬಹುದಾದ್ದರಿಂದ ಸಿಕ್ಕರೆ ಬಿಡಬಾರದು.

ಗುಂಪು ಪಾಲಿಸಿಯನ್ನು ಓದುವಾಗ ಗಮನ ಬೇಕಾದ ಜಾಗಗಳು ಹಲವು. ಮೂಲ ಸಂಬಳದ ಶೇಕಡಾ 60 ಎಂದು ಬರೆದಿದ್ದರೆ ಬೋನಸ್, ಕಮಿಷನ್, ಓವರ್‌ಟೈಮ್ ಅದರಲ್ಲಿ ಸೇರಿಲ್ಲವೆಂದೇ ಹೆಚ್ಚಾಗಿ ಅರ್ಥ. ಆದಾಯದ ಅರ್ಧದಷ್ಟು ಕಮಿಷನ್ನಿನಿಂದ ಬರುವವರಿಗೆ ಆ ಅರವತ್ತು ನಿಜದಲ್ಲಿ ಮೂವತ್ತಾಗುತ್ತದೆ. ಸರ್ಕಾರದಿಂದ ಬರುವ ಹಣವನ್ನು ಈ ಮೊತ್ತದಿಂದ ಕಳೆಯುವ ಷರತ್ತೂ ಸಾಮಾನ್ಯ. ಮಾನಸಿಕ ಕಾಯಿಲೆಗೆ 24 ತಿಂಗಳ ಮಿತಿ ಹಾಕಿರುವ ಪಾಲಿಸಿಗಳು ಬಹಳ. ಎಲ್ಲಕ್ಕಿಂತ ದೊಡ್ಡ ದೌರ್ಬಲ್ಯವೆಂದರೆ ಕೆಲಸ ಬಿಟ್ಟ ದಿನ ಈ ರಕ್ಷಣೆಯೂ ಬಿಟ್ಟುಹೋಗುತ್ತದೆ. ಸಂಸ್ಥೆಯ ವಿಮೆಯನ್ನೇ ನಂಬಿ ನಲವತ್ತೈದರವರೆಗೆ ಸ್ವಂತ ಪಾಲಿಸಿ ಮಾಡಿಸದೆ, ಆ ವಯಸ್ಸಿನಲ್ಲಿ ಕೆಲಸ ಬದಲಿಸುವವರು ಹೆಚ್ಚಿದ ವಯಸ್ಸು ಮತ್ತು ಹೊಸದಾಗಿ ಬಂದ ರಕ್ತದೊತ್ತಡ ಎರಡನ್ನೂ ಹೊತ್ತು ವಿಮಾ ಕಂಪನಿಯ ಮುಂದೆ ನಿಲ್ಲಬೇಕಾಗುತ್ತದೆ.

ಒಬ್ಬ ಚಾಲಕನ ಉದಾಹರಣೆ

ಪಾಲಿಸಿಗಳ ನಡುವಿನ ನಿಜವಾದ ಅಂತರ ತಿಳಿಯಲು ಒಂದು ಪ್ರಕರಣವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ನಲವತ್ತು ವರ್ಷದ ಬಸ್ ಚಾಲಕನೊಬ್ಬನಿಗೆ ಒಂದು ದಿನ ಮೂರ್ಛೆ ಬರುತ್ತದೆ, ತಪಾಸಣೆಯಲ್ಲಿ ಅಪಸ್ಮಾರವೆಂದು ಗೊತ್ತಾಗುತ್ತದೆ. ಔಷಧಿಯಿಂದ ಕಾಯಿಲೆ ಹತೋಟಿಗೆ ಬರುತ್ತದೆ. ಕೈಕಾಲು ಗಟ್ಟಿಯಾಗಿವೆ, ಕಣ್ಣು ಕಿವಿ ಚೆನ್ನಾಗಿವೆ, ಮಾತು ಬುದ್ಧಿ ಎಂದಿನಂತಿವೆ. ಆದರೆ ಪ್ರಯಾಣಿಕರನ್ನು ಕೂರಿಸಿಕೊಂಡು ವಾಹನ ಓಡಿಸುವ ಪರವಾನಗಿ ಉಳಿಯುವುದಿಲ್ಲ. ಇಪ್ಪತ್ತು ವರ್ಷ ಕಲಿತ ಕೆಲಸ ಒಂದೇ ದಿನ ಕೈತಪ್ಪುತ್ತದೆ.

ಅವನ ಬಳಿ ವೈಯಕ್ತಿಕ ಅಪಘಾತ ವಿಮೆ ಇದ್ದರೆ ಒಂದು ಕಾಸೂ ಬರುವುದಿಲ್ಲ, ಏಕೆಂದರೆ ಅಪಘಾತವೇ ನಡೆದಿಲ್ಲ. ಅಪಘಾತ ನಡೆದಿದ್ದರೂ ಅಂಥ ಪಾಲಿಸಿಗಳ ಲೆಕ್ಕ ಅಂಗಗಳ ಪಟ್ಟಿಯಂತೆ ನಡೆಯುತ್ತದೆ: ಎರಡು ಕಣ್ಣು ಅಥವಾ ಎರಡು ಕೈಕಾಲು ಹೋದರೆ ಪೂರ್ತಿ ಮೊತ್ತ, ಒಂದು ಹೋದರೆ ಸಾಮಾನ್ಯವಾಗಿ ಅರ್ಧ, ಬೆರಳಿಗೆ ಸಣ್ಣದೊಂದು ಪಾಲು. ಹೆಬ್ಬೆರಳು ಕಳೆದುಕೊಂಡ ದರ್ಜಿಗೂ ಅದೇ ಪಾಲು, ಲೆಕ್ಕಪತ್ರ ಬರೆಯುವವರಿಗೂ ಅದೇ ಪಾಲು; ಯಾರ ದುಡಿಮೆ ಎಷ್ಟು ಹೋಯಿತೆಂದು ಆ ಪಟ್ಟಿ ಕೇಳುವುದಿಲ್ಲ.

ಗಂಭೀರ ಕಾಯಿಲೆಯ ಪಾಲಿಸಿ ಇದ್ದರೂ ಚಾಲಕನಿಗೆ ಹಣ ಸಿಗುವ ಸಂಭವ ಕಡಿಮೆ. ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯದಂಥ ಕಾಯಿಲೆಗಳ ಪಟ್ಟಿ ಅದರಲ್ಲಿರುತ್ತದೆ. ಅಪಸ್ಮಾರ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಸೊಂಟನೋವು ಮತ್ತು ಖಿನ್ನತೆಯಂತೂ ಇಲ್ಲ. ಜೀವವಿಮೆಯ ಜೊತೆ ಸೇರಿಸಿದ ಶಾಶ್ವತ ಪೂರ್ಣ ಅಂಗವೈಕಲ್ಯದ ರೈಡರ್, ಎಂದರೆ ಮೂಲ ಪಾಲಿಸಿಗೆ ಜೋಡಿಸುವ ಹೆಚ್ಚುವರಿ ರಕ್ಷಣೆ, ಇದ್ದರೆ, ಯಾವ ಕೆಲಸವನ್ನೂ ಮಾಡಲಾಗದ ಸ್ಥಿತಿ ಶಾಶ್ವತವಾಗಿರಬೇಕೆಂಬ ಷರತ್ತನ್ನು ಅವನು ದಾಟುವುದಿಲ್ಲ.

ಕಾಯಿಲೆ ಮತ್ತು ಗಾಯ ಎರಡಕ್ಕೂ ಅನ್ವಯಿಸುವ, ತಿಂಗಳು ತಿಂಗಳು ಹಣ ಕೊಡುವ ಅಂಗವೈಕಲ್ಯ ಪಾಲಿಸಿ ಇದ್ದರೆ ಆಗ ಪ್ರಶ್ನೆ ಒಂದೇ: ಅದರಲ್ಲಿ ಅಂಗವೈಕಲ್ಯವನ್ನು ಹೇಗೆ ವ್ಯಾಖ್ಯಾನಿಸಿದ್ದಾರೆ? ನಿಮ್ಮ ಸ್ವಂತ ಉದ್ಯೋಗದ ಮುಖ್ಯ ಕೆಲಸಗಳನ್ನು ಮಾಡಲಾಗದಿದ್ದರೆ ಅದೇ ಅಂಗವೈಕಲ್ಯ ಎಂದಿದ್ದರೆ ಚಾಲಕನಿಗೆ ಹಣ ಸಿಗುತ್ತದೆ. ನಿಮ್ಮ ವಿದ್ಯೆ, ತರಬೇತಿ, ಅನುಭವಕ್ಕೆ ಹೊಂದುವ ಯಾವುದೇ ಉದ್ಯೋಗವನ್ನೂ ಮಾಡಲಾಗದಿದ್ದರೆ ಎಂದಿದ್ದರೆ, ಡಿಪೋದಲ್ಲಿ ಕೂತು ಟಿಕೆಟ್ ಲೆಕ್ಕ ನೋಡಬಹುದಲ್ಲ ಎಂಬ ಉತ್ತರ ಬರಬಹುದು. ಆ ಕೆಲಸ ನಿಜವಾಗಿ ಸಿಗುತ್ತದೆಯೇ, ಅದರ ಸಂಬಳ ಎಷ್ಟು ಎಂಬುದು ಹಲವು ಪಾಲಿಸಿಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎರಡನ್ನೂ ಬೆರೆಸಿದ ಮೂರನೆಯ ಬಗೆಯೂ ಇದೆ: ಮೊದಲ 24 ತಿಂಗಳು ಸ್ವಂತ ಉದ್ಯೋಗದ ವ್ಯಾಖ್ಯಾನ, ಆಮೇಲೆ ಯಾವುದೇ ಉದ್ಯೋಗದ ವ್ಯಾಖ್ಯಾನ. ಗುಂಪು ಪಾಲಿಸಿಗಳಲ್ಲಿ ಇದೇ ಹೆಚ್ಚು. ಎರಡು ವರ್ಷ ಹಣ ಬಂದು, ಕಾಯಿಲೆ ಇದ್ದ ಹಾಗೆಯೇ ಇರುವಾಗ, ಇಪ್ಪತ್ತೈದನೆಯ ತಿಂಗಳು ಹಣ ನಿಂತಾಗ ಜನ ಕಂಗಾಲಾಗುವುದು ಈ ಒಂದು ಸಾಲಿನಿಂದ.

ಜರ್ಮನಿಯ ಅನುಭವ ಈ ವ್ಯತ್ಯಾಸದ ತೂಕವನ್ನು ತೋರಿಸುತ್ತದೆ. 2001ರಿಂದ ಜಾರಿಗೆ ಬಂದ ಸುಧಾರಣೆಯ ನಂತರ, 1961ರ ಜನವರಿ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಅಲ್ಲಿನ ಸಾರ್ವಜನಿಕ ಪಿಂಚಣಿಯಲ್ಲಿ ಸ್ವಂತ ಉದ್ಯೋಗಕ್ಕೆ ಸಂಬಂಧಿಸಿದ ರಕ್ಷಣೆ ಉಳಿದಿಲ್ಲ. ದಿನಕ್ಕೆ ಎಷ್ಟು ಗಂಟೆ ಯಾವುದೇ ಕೆಲಸ ಮಾಡಬಲ್ಲಿರಿ ಎಂಬುದೇ ಈಗ ಅಳತೆ: ಮೂರು ಗಂಟೆಗಿಂತ ಕಡಿಮೆಯಾದರೆ ಪೂರ್ಣ ಪಿಂಚಣಿ, ಮೂರರಿಂದ ಆರರೊಳಗಾದರೆ ಸಾಮಾನ್ಯವಾಗಿ ಅರ್ಧ. ಹೀಗಾಗಿ ಸ್ವಂತ ಉದ್ಯೋಗದ ರಕ್ಷಣೆ ಬೇಕಾದವರು ಅಲ್ಲಿ ಖಾಸಗಿ ಪಾಲಿಸಿ ಕೊಳ್ಳುತ್ತಾರೆ. ಕೊನೆಯದಾಗಿ ಮಾಡುತ್ತಿದ್ದ ಉದ್ಯೋಗವನ್ನು ಅರ್ಧದಷ್ಟೂ ಮಾಡಲಾಗದ ಸ್ಥಿತಿ ಆರು ತಿಂಗಳು ಉಳಿಯುವಂತಿದ್ದರೆ ಅಂಥ ಪಾಲಿಸಿಗಳು ಸಾಮಾನ್ಯವಾಗಿ ಹಣ ಕೊಡುತ್ತವೆ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಎರಡು ಪಾಲಿಸಿಗಳ ಪ್ರೀಮಿಯಂ ಹೋಲಿಸುವ ಮುನ್ನ ಈ ವ್ಯಾಖ್ಯಾನದ ಸಾಲನ್ನು ಹೋಲಿಸಬೇಕು. ವ್ಯಾಖ್ಯಾನ ಬೇರೆಯಾಗಿರುವ ಎರಡು ಪಾಲಿಸಿಗಳು ಎರಡು ಬೇರೆ ವಸ್ತುಗಳು. ಅವುಗಳ ಬೆಲೆಯನ್ನು ಅಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ.

ಕಾಯುವ ಅವಧಿ, ಪಾವತಿಯ ಅವಧಿ

ಹಣ ಯಾವಾಗ ಆರಂಭವಾಗುತ್ತದೆ, ಎಲ್ಲಿಯವರೆಗೆ ಬರುತ್ತದೆ ಎಂಬ ಎರಡು ಅಂಶಗಳು ಪ್ರೀಮಿಯಮ್ಮನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಕಾಯುವ ಅವಧಿ ಸಾಮಾನ್ಯವಾಗಿ 30, 60, 90 ಅಥವಾ 180 ದಿನಗಳು. ಇಲ್ಲಿ ಒಂದು ವಿವರವನ್ನು ಮರೆಯುವಂತಿಲ್ಲ: ಪ್ರತಿ ತಿಂಗಳ ಹಣ ಆ ತಿಂಗಳು ಮುಗಿದ ಮೇಲೆ ಬರುವುದರಿಂದ, 90 ದಿನಗಳ ಕಾಯುವ ಅವಧಿ ಎಂದರೆ ಮೊದಲ ಪಾವತಿ ಕೈಸೇರುವುದು ಸುಮಾರು 120ನೆಯ ದಿನ. ಮೂರು ತಿಂಗಳ ಉಳಿತಾಯ ಇಟ್ಟುಕೊಂಡು 90 ದಿನಗಳ ಪಾಲಿಸಿ ಕೊಂಡವರಿಗೆ ಒಂದು ತಿಂಗಳ ಕೊರತೆ ಬೀಳುತ್ತದೆ.

ಪಾವತಿಯ ಅವಧಿ ಎರಡು ವರ್ಷ, ಐದು ವರ್ಷ, ಅಥವಾ ನಿವೃತ್ತಿಯ ವಯಸ್ಸಿನವರೆಗೆ ಇರಬಹುದು. ಹಣ ಉಳಿಸಬೇಕೆನ್ನುವವರಲ್ಲಿ ಹೆಚ್ಚಿನವರು ಕಾಯುವ ಅವಧಿಯನ್ನು ಚಿಕ್ಕದಾಗಿಟ್ಟು ಪಾವತಿಯ ಅವಧಿಯನ್ನು ಕಡಿತಗೊಳಿಸುತ್ತಾರೆ, ಏಕೆಂದರೆ ಬೇಗ ಹಣ ಬರುವುದು ಕಣ್ಣಿಗೆ ಹಿತವಾಗಿ ಕಾಣುತ್ತದೆ. ಇದನ್ನು ತಿರುವುಮುರುವು ಮಾಡಬೇಕು. ಎರಡು ತಿಂಗಳ ಆದಾಯ ತಪ್ಪಿದರೆ ಸಾಲಸೋಲ ಮಾಡಿಯಾದರೂ ಮನೆ ಚೇತರಿಸಿಕೊಳ್ಳುತ್ತದೆ. ಮೂವತ್ತೈದರಲ್ಲಿ ಶಾಶ್ವತವಾಗಿ ಅಶಕ್ತರಾದವರಿಗೆ ನಲವತ್ತರಲ್ಲಿ ಹಣ ನಿಂತರೆ ಚೇತರಿಕೆಗೆ ದಾರಿಯಿಲ್ಲ. ಕಾಯುವ ಅವಧಿಯನ್ನು 30ರಿಂದ 90 ದಿನಕ್ಕೆ ಒಯ್ದರೆ ಉಳಿಯುವ ಪ್ರೀಮಿಯಮ್ಮನ್ನು ಪಾವತಿಯ ಅವಧಿ ಹಿಗ್ಗಿಸಲು ಬಳಸುವುದು ಉತ್ತಮ. ಇಡಿಗಂಟು ಕೊಡುವ ಪಾಲಿಸಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ: 60 ತಿಂಗಳ ಸಂಬಳದಷ್ಟು ಇಡಿಗಂಟು ಕೇಳುವಾಗ ದೊಡ್ಡದು, ನಡೆಸುವಾಗ ಐದು ವರ್ಷ.

ಮೊತ್ತ, ಬೆಲೆಯೇರಿಕೆ, ಅರೆ ದುಡಿಮೆ

ಪೂರ್ತಿ ಸಂಬಳಕ್ಕೆ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಮನೆಯಲ್ಲಿ ಕೂತರೂ ಅಷ್ಟೇ ಹಣ ಬರುವುದಾದರೆ ಕೆಲಸಕ್ಕೆ ಮರಳುವ ಒತ್ತಾಸೆ ಕುಗ್ಗುತ್ತದೆಂಬ ಕಾರಣಕ್ಕೆ ಕಂಪನಿಗಳು ಹೆಚ್ಚಾಗಿ ಶೇಕಡಾ 60ರಿಂದ 70ರವರೆಗೆ ಮಿತಿ ಹಾಕುತ್ತವೆ. ಆಸ್ಟ್ರೇಲಿಯಾದಲ್ಲಿ ನಿಯಂತ್ರಕರೇ 2021ರಿಂದ ಹೊಸ ಪಾಲಿಸಿಗಳಿಗೆ ಮೊದಲ ಆರು ತಿಂಗಳು ಶೇಕಡಾ 90, ಆಮೇಲೆ ಶೇಕಡಾ 70 ಎಂಬ ಮೇಲ್ಮಿತಿ ಇಟ್ಟರು. ತೆರಿಗೆಯನ್ನೂ ಸೇರಿಸಿ ನೋಡಬೇಕು. ಅಮೆರಿಕದಲ್ಲಿ ಪ್ರೀಮಿಯಮ್ಮನ್ನು ಮಾಲೀಕರು ಕಟ್ಟಿದ್ದರೆ ಬರುವ ಹಣಕ್ಕೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ, ತೆರಿಗೆ ಕಟ್ಟಿದ ಹಣದಿಂದ ನೌಕರರೇ ಕಟ್ಟಿದ್ದರೆ ಬೀಳುವುದಿಲ್ಲ. ಆದ್ದರಿಂದ ಎರಡು ಪಾಲಿಸಿಗಳ ಶೇಕಡಾ 60 ಒಂದೇ ಆಗಿರಬೇಕೆಂದಿಲ್ಲ.

ದೀರ್ಘ ಅವಧಿಯ ಪಾಲಿಸಿಯಲ್ಲಿ ಬೆಲೆಯೇರಿಕೆಗೆ ತಕ್ಕಂತೆ ಮೊತ್ತ ಏರುವ ಸೌಲಭ್ಯವಿದೆಯೇ ಎಂದು ಕೇಳಬೇಕು. ವರ್ಷಕ್ಕೆ ಶೇಕಡಾ 6ರಂತೆ ಬೆಲೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಅದೇ ಹಣಕ್ಕೆ ಅರ್ಧ ಸಾಮಾನು ಸಿಗುತ್ತದೆ. ಯುವಕರಿಗೆ ಇದು ಅಗತ್ಯ; ನಿವೃತ್ತಿಗೆ ಏಳೆಂಟು ವರ್ಷ ಉಳಿದಿರುವವರು ಬಿಡಬಹುದು.

ಅರೆ ದುಡಿಮೆಯ ಷರತ್ತಿಗೆ ಇನ್ನೂ ಹೆಚ್ಚು ಗಮನ ಬೇಕು. ಕಾಯಿಲೆಯಿಂದ ಎದ್ದವರು ಒಂದೇ ಸಲ ಪೂರ್ತಿ ಕೆಲಸಕ್ಕೆ ಮರಳುವುದು ಅಪರೂಪ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದ ದರ್ಜಿಯೊಬ್ಬರು ದಿನಕ್ಕೆ ಎಂಟು ಗಂಟೆಯ ಬದಲು ನಾಲ್ಕು ಗಂಟೆ ಯಂತ್ರದ ಮುಂದೆ ಕೂರಬಲ್ಲರು, ಆದಾಯ ನೂರಿದ್ದದ್ದು ಐವತ್ತಾಗುತ್ತದೆ ಎಂದುಕೊಳ್ಳೋಣ. ಪೂರ್ಣ ಅಂಗವೈಕಲ್ಯಕ್ಕೆ ಮಾತ್ರ ಹಣ ಕೊಡುವ ಪಾಲಿಸಿಯಾದರೆ ಅವರು ಕೂತ ದಿನವೇ ಪಾವತಿ ನಿಲ್ಲುತ್ತದೆ. ಅರವತ್ತು ಬರುತ್ತಿದ್ದಲ್ಲಿ ದುಡಿದು ಐವತ್ತು ಪಡೆಯುವ ವಿಚಿತ್ರ ಸ್ಥಿತಿ ಬರುತ್ತದೆ. ಆದಾಯ ಇಳಿದ ಪ್ರಮಾಣಕ್ಕೆ ತಕ್ಕಂತೆ ಕೊಡುವ ಪಾಲಿಸಿಯಾದರೆ ಅರವತ್ತರ ಅರ್ಧ, ಎಂದರೆ ಮೂವತ್ತು, ಬರುತ್ತಲೇ ಇರುತ್ತದೆ, ಒಟ್ಟು ಎಂಬತ್ತು. ಇಂಥ ಪಾಲಿಸಿಗಳಲ್ಲಿ ಆದಾಯ ಕನಿಷ್ಠ ಶೇಕಡಾ 15 ಅಥವಾ 20ರಷ್ಟು ಇಳಿದಿರಬೇಕೆಂಬ ಷರತ್ತು ಸಾಮಾನ್ಯ. ಹೆಚ್ಚುವರಿ ಸೌಲಭ್ಯಗಳಲ್ಲಿ ಒಂದನ್ನೇ ಕೊಳ್ಳಲು ಹಣವಿದೆ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ.

ಯಾರಿಗೆ ಯಾವುದು?

ಮೈಮುರಿದು ದುಡಿಯುವವರಿಗೆ ಅಂಗವೈಕಲ್ಯದ ಅಪಾಯ ಹೆಚ್ಚು, ಒಳ್ಳೆಯ ಪಾಲಿಸಿ ಸಿಗುವ ಅವಕಾಶ ಕಡಿಮೆ. ಕಂಪನಿಗಳು ಉದ್ಯೋಗಗಳನ್ನು ವರ್ಗಗಳಾಗಿ ವಿಂಗಡಿಸಿ, ಕಚೇರಿಯಲ್ಲಿ ಕೂರುವವರಿಗೆ ನಿವೃತ್ತಿಯವರೆಗೆ ಸ್ವಂತ ಉದ್ಯೋಗದ ವ್ಯಾಖ್ಯಾನ ಕೊಡುತ್ತವೆ, ಕಟ್ಟಡ ಕಾರ್ಮಿಕರಿಗೆ ಎರಡೋ ಐದೋ ವರ್ಷದ ಪಾವತಿಯನ್ನು ಹೆಚ್ಚು ದರದಲ್ಲಿ ಕೊಡುತ್ತವೆ, ಕೆಲವರಿಗೆ ಕೊಡುವುದೇ ಇಲ್ಲ. ಇದು ಅನ್ಯಾಯವೆಂದೇ ನನಗೆ ಅನ್ನಿಸುತ್ತದೆ. ರಕ್ಷಣೆ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಮಾರುಕಟ್ಟೆ ಬಾಗಿಲಲ್ಲಿ ನಿಲ್ಲಿಸುತ್ತದೆ. ಅದಕ್ಕಾಗಿಯೇ ಇಂಥ ದುಡಿಮೆಗಾರರು ಸಾರ್ವಜನಿಕ ಯೋಜನೆಯಲ್ಲಿ ತಮ್ಮ ಹೆಸರು ನೋಂದಣಿಯಾಗಿದೆಯೇ, ವಂತಿಗೆ ನಿಜವಾಗಿ ಜಮೆಯಾಗುತ್ತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಅದರ ಮೇಲೆ ಕಡಿಮೆ ಬೆಲೆಯ ಅಪಘಾತ ವಿಮೆ ಅವರ ಮಟ್ಟಿಗೆ ಸಾರ್ಥಕ, ಏಕೆಂದರೆ ಅವರ ಕೆಲಸದಲ್ಲಿ ಗಾಯದ ಪಾಲು ಹೆಚ್ಚು. ಕಾಯಿಲೆಯ ಭಾಗ ಆಗಲೂ ತೆರೆದೇ ಇರುತ್ತದೆಂಬ ಅರಿವಿನಿಂದಲೇ ಅದನ್ನು ಕೊಳ್ಳಬೇಕು.

ಸ್ವಂತ ಉದ್ಯೋಗ ನಡೆಸುವವರಿಗೆ ಮಾಲೀಕರ ಗುಂಪು ವಿಮೆಯಿಲ್ಲ, ಹಲವು ದೇಶಗಳಲ್ಲಿ ಸಾರ್ವಜನಿಕ ರಕ್ಷಣೆಯೂ ತೆಳು. ಅವರಿಗೆ ವೈಯಕ್ತಿಕ ಪಾಲಿಸಿಯೇ ಆಧಾರ. ಆದಾಯ ಏರಿಳಿಯುವ ಅವರು, ಕ್ಲೇಮಿನ ಹೊತ್ತಿಗೆ ಹಿಂದಿನ ಹನ್ನೆರಡು ತಿಂಗಳ ಗಳಿಕೆ ನೋಡುತ್ತಾರೋ, ಪಾಲಿಸಿ ಕೊಂಡಾಗ ಒಪ್ಪಿದ ಮೊತ್ತವನ್ನೇ ಕೊಡುತ್ತಾರೋ ಎಂದು ಕೇಳಬೇಕು. ಎರಡನೆಯ ಬಗೆ ಒಳ್ಳೆಯದು, ಆದರೆ ವಿರಳವಾಗುತ್ತಿದೆ. ಆಸ್ಟ್ರೇಲಿಯಾದಲ್ಲಿ 2020ರ ಮಾರ್ಚ್ ಕೊನೆಯಿಂದ ಅಂಥ ಹೊಸ ಪಾಲಿಸಿಗಳ ಮಾರಾಟವೇ ನಿಂತಿದೆ. ವೈಯಕ್ತಿಕ ಪಾಲಿಸಿ ಕೊಳ್ಳುವವರೆಲ್ಲರೂ ನವೀಕರಣದ ಷರತ್ತನ್ನೂ ನೋಡಬೇಕು: ಕಂಪನಿ ನವೀಕರಣವನ್ನು ನಿರಾಕರಿಸುವಂತೆಯೂ ಪ್ರೀಮಿಯಮ್ಮಿನ ದರವನ್ನು ಬದಲಿಸುವಂತೆಯೂ ಇಲ್ಲದ ಪಾಲಿಸಿ ಒಂದು ಬಗೆ, ನವೀಕರಣ ಖಚಿತವಾಗಿದ್ದು ಒಂದು ವರ್ಗದವರಿಗೆಲ್ಲ ದರ ಏರಿಸಬಹುದಾದ ಪಾಲಿಸಿ ಇನ್ನೊಂದು ಬಗೆ.

ಸಂಸ್ಥೆಯ ಗುಂಪು ವಿಮೆ ಇರುವ ಸಂಬಳದಾರರಿಗೆ ಅದನ್ನು ಇಟ್ಟುಕೊಂಡೇ, ಅದು ತಲುಪದ ಭಾಗಕ್ಕೆ ಸಣ್ಣ ವೈಯಕ್ತಿಕ ಪಾಲಿಸಿಯನ್ನು ಆರೋಗ್ಯ ಚೆನ್ನಾಗಿರುವಾಗಲೇ ಸೇರಿಸುವುದು ಒಳ್ಳೆಯ ದಾರಿ. ಮುಂದೆ ಆದಾಯ ಏರಿದಾಗ ಹೊಸ ವೈದ್ಯಕೀಯ ತಪಾಸಣೆಯಿಲ್ಲದೆ ಮೊತ್ತ ಹೆಚ್ಚಿಸುವ ಹಕ್ಕು ಅದರಲ್ಲಿದ್ದರೆ ಇನ್ನೂ ಒಳ್ಳೆಯದು.

ಅರ್ಜಿ ತುಂಬುವಾಗ ಹಳೆಯ ಕಾಯಿಲೆ, ಹಳೆಯ ಚಿಕಿತ್ಸೆ, ನಿಜವಾದ ಉದ್ಯೋಗ ಯಾವುದನ್ನೂ ಮುಚ್ಚಿಡಬಾರದು. ಮುಚ್ಚಿಟ್ಟ ಸಂಗತಿ ಹೊರಬರುವುದು ಕ್ಲೇಮಿನ ಹೊತ್ತಿಗೆ, ಆಗ ಕಟ್ಟಿದ ಪ್ರೀಮಿಯಮ್ಮೂ ವ್ಯರ್ಥವಾಗಬಹುದು. ನಿಮ್ಮ ಹುದ್ದೆಯ ಹೆಸರಿನ ಜೊತೆ ನೀವು ದಿನವೂ ಮಾಡುವ ಕೆಲಸಗಳ ವಿವರವನ್ನು, ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಭಾರ ಎತ್ತಬೇಕು, ಎಷ್ಟು ದೂರ ಓಡಾಡಬೇಕು ಎಂಬುದರ ಸಮೇತ, ಬರೆದು ಸಾಧ್ಯವಾದರೆ ಮಾಲೀಕರ ಸಹಿ ಹಾಕಿಸಿ ಪಾಲಿಸಿಯ ಜೊತೆ ಇಟ್ಟುಕೊಳ್ಳಿ. ಕೆಲಸ ಬದಲಾದಾಗ ಅದನ್ನೂ ಬದಲಿಸಿ. ನಿಮ್ಮಿಂದ ಯಾವ ಕೆಲಸ ಆಗುತ್ತಿಲ್ಲ ಎಂದು ವೈದ್ಯರು ಪ್ರಮಾಣಪತ್ರ ಬರೆಯುವಾಗ ಅವರ ಮುಂದೆಯೂ, ಅದನ್ನು ಕ್ಲೇಮಿನ ಅಧಿಕಾರಿ ಪರಿಶೀಲಿಸುವಾಗ ಅವರ ಮುಂದೆಯೂ ಇರಬೇಕಾದ ಕಾಗದ ಅದು.